ದೊಡ್ಡಮ್ಮನ ಸೋಡಿಯಂ

ರಾತ್ರಿ ಹನ್ನೊಂದು ಗಂಟೆಗೆ ದೊಡ್ಡಮ್ಮ ಹಾಲ್‌ಗೆ ಬಂದು ಹಾಲಿನ ವಿಚಾರ ತೆಗೆದಳು. "ಗೌರಿಯನ್ನು ಕರೆದಾಯ್ತೇನೋ?" ಗೌರಿ ಅಂದರೆ ಸಾಗರದ ಕಡೆಯ ನಮ್ಮ ಹಳೇ ಮನೆಯ ದನ. ಅದು ಹೋಗಿ ಇಪ್ಪತ್ತೈದು ವರ್ಷವಾಯಿತು. ನಾವೀಗ ಇರುವುದು ಶಿವಮೊಗ್ಗದಲ್ಲಿ, ಎರಡನೇ ಮಹಡಿಯಲ್ಲಿ. ಟಿವಿ ನೋಡುತ್ತಿದ್ದ ನಾನು ಕತ್ತು ತಿರುಗಿಸದೆ "ಆಯ್ತು, ನೀನು ಮಲಗು" ಅಂದೆ. ಎಂಬತ್ತೆರಡು ದಾಟಿದವರು ಏನು ತಪ್ಪು ಮಾತಾಡಿದರೂ ನಮ್ಮ ಹತ್ತಿರ ಒಂದು ಸಿದ್ಧ ಉತ್ತರವಿರುತ್ತದಲ್ಲ, "ವಯಸ್ಸಾಯ್ತಲ್ಲ" ಅಂತ, ಅದನ್ನೇ ಹೆಂಡತಿಗೂ ಹೇಳಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಮ್ಮ ಒಲೆಯ ಮುಂದೆ ನಿಂತು ಹಲ್ಲುಜ್ಜುವ ಬ್ರಷ್ಷನ್ನು ಗ್ಯಾಸ್ ಲೈಟರಿನ ಹಾಗೆ ಒತ್ತುತ್ತಿದ್ದಳು. ನನ್ನನ್ನು ನೋಡಿ ತೀರಿಹೋದ ನನ್ನ ಅಪ್ಪನ ಹೆಸರು ಹಿಡಿದು ಕರೆದಳು. ಆಗ ಆಟೋ ತಂದೆವು.

ಆಸ್ಪತ್ರೆಯಲ್ಲಿ ನೋಡಿದವರು ನನ್ನ ಮಗಳ ವಯಸ್ಸಿನ ಡಾಕ್ಟರು. ತಲೆಯ ಸ್ಕ್ಯಾನು, ಎದೆಯ ಚಿತ್ರ, ರಕ್ತ ಎಲ್ಲ ಆದಮೇಲೆ ಬಂದು, "ಸೋಡಿಯಂ 114 ಇದೆ ಸರ್. 135ರಿಂದ 145ರ ಒಳಗೆ ಇರಬೇಕು" ಅಂದರು. ನನ್ನ ಹೆಂಡತಿಗೆ ಜೀವ ಬಂತು. "ಉಪ್ಪು ತಾನೆ? ಇಷ್ಟೊತ್ತಿಗೆ ಎರಡು ಚಮಚ ನೀರಿಗೆ ಕದಡಿ ಕುಡಿಸಿಬಿಡುತ್ತಿದ್ದೆ" ಅಂದಳು. ಡಾಕ್ಟರು ನಕ್ಕರು. ಇದನ್ನು ತುಸುತುಸುವೇ ಏರಿಸಬೇಕು, ದಿನಕ್ಕೆ ಎಂಟಕ್ಕಿಂತ ಹೆಚ್ಚು ಏರಿಸುವುದಿಲ್ಲ ಎಂದರು. ನಾನು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದವನು. 114ರಿಂದ 135ಕ್ಕೆ ಇಪ್ಪತ್ತೊಂದು, ದಿನಕ್ಕೆ ಎಂಟರಂತೆ ಹೋದರೂ ಮೂರು ದಿನದ ಬಿಲ್ಲು. ಸ್ವಲ್ಪ ಜೋರಾಗಿಯೇ ಕೇಳಿದೆ, "ಇವತ್ತೇ ಏರಿಸಿದರೆ ಏನಾಗುತ್ತದೆ?" ಅವರು ಬೇಸರಿಸದೆ ಒಂದು ಮಾತು ಹೇಳಿ ಮುಂದಿನ ಹಾಸಿಗೆಗೆ ಹೋದರು: "ಮಿದುಳಿನ ಕೋಶಗಳು ಆಗಲೇ ಸಾಮಾನು ಹೊರಗೆ ಹಾಕಿಬಿಟ್ಟಿರುತ್ತವೆ ಸರ್. ವಾಪಸ್ ತಂದುಕೊಳ್ಳೋಕೆ ಅವಕ್ಕೆ ಟೈಮ್ ಬೇಕು."

ಸಾಮಾನು ಹೊರಗೆ ಹಾಕುವುದು! ಮನೆಗೆ ನೀರು ನುಗ್ಗಿದಾಗ ಮಾಡುವ ಕೆಲಸ. ದೊಡ್ಡಮ್ಮನ ತಲೆಯೊಳಗೆ ಯಾರು, ಯಾವ ಸಾಮಾನನ್ನು, ಯಾವ ಬಾಗಿಲಿನಿಂದ ಹೊರಗೆ ಹಾಕಿದರು? ಆಸ್ಪತ್ರೆಯ ಸ್ಟೀಲ್ ಸ್ಟೂಲಿನ ಮೇಲೆ ನಾಲ್ಕು ದಿನ ಕೂತವನಿಗೆ ಇದೇ ತಲೆಯಲ್ಲಿ ಕೊರೆಯಿತು. ಕೈಯಲ್ಲಿ ಮೊಬೈಲಿತ್ತು, ಆಮೇಲೆ ಅಕ್ಕನ ಮಗ ಕೆಲವು ಪುಸ್ತಕ ತಂದುಕೊಟ್ಟ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೇ ತಲೆ ಊದಿಕೊಳ್ಳುತ್ತದೆ.

ಮೊದಲು ಉಪ್ಪಿನಕಾಯಿಯಿಂದ ಶುರು ಮಾಡಬೇಕು. ನಮ್ಮ ಕಡೆ ಅಪ್ಪೆಮಿಡಿ ಹಾಕುವುದು ಒಂದು ವ್ರತ. ದೊಡ್ಡಮ್ಮ ಮಿಡಿ ತೊಳೆದು, ನೆರಳಿನಲ್ಲಿ ಆರಿಸಿ, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕುತ್ತ ಬರುತ್ತಿದ್ದಳು. ಒಂದು ಹನಿ ನೀರು ಸೋಕಿಸುವಂತಿಲ್ಲ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಮಿಡಿ ಚಿರುಟಿ ಅರ್ಧವಾಗಿರುತ್ತಿತ್ತು. ಭರಣಿಯ ತುಂಬ ನೀರು. "ಎಲ್ಲಿಂದ ಬಂತು ದೊಡ್ಡಮ್ಮಾ?" ಎಂದರೆ, "ಉಪ್ಪು ತಿಂದವ ನೀರು ಕುಡಿಯಬೇಕಲ್ಲೋ" ಅನ್ನುತ್ತಿದ್ದಳು. ಆ ಗಾದೆಯನ್ನು ನಾವು ಕಳ್ಳರು, ಲಂಚಕೋರರ ಮೇಲೆ ಪ್ರಯೋಗಿಸುತ್ತೇವೆ. ದೊಡ್ಡಮ್ಮ ಅದನ್ನು ಅಕ್ಷರಶಃ ಹೇಳುತ್ತಿದ್ದಳು. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ, ನಡುವೆ ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಪೊರೆ ಇದ್ದರೆ ಸಾಕು. ಫ್ರಾನ್ಸಿನ ನೊಲೆ ಎಂಬ ಪಾದ್ರಿ 1748ರಲ್ಲಿ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ಇಂಥದ್ದೇ ಹರಿವನ್ನು ತೋರಿಸಿದ.

ಈಗ ಭರಣಿಯನ್ನು ತಿರುಗಾಮುರುಗಾ ಮಾಡಿ. ರಕ್ತದಲ್ಲಿ ಸೋಡಿಯಂ ಇಳಿಯಿತೆಂದರೆ ಹೊರಗೆ ನೀರು ಸಪ್ಪೆ, ಕೋಶದ ಒಳಗೆ ಉಪ್ಪು ಜಾಸ್ತಿ. ನೀರು ಒಳಗೆ ನುಗ್ಗುತ್ತದೆ. ಹಿತಕವರೆ ಮಾಡಲು ರಾತ್ರಿ ನೆನೆಹಾಕಿದ ಅವರೆಕಾಳು ಬೆಳಿಗ್ಗೆ ಸಿಪ್ಪೆ ಬಿಗಿದು ನಿಂತಿರುತ್ತದಲ್ಲ, ಹಾಗೆ ಮೈಯ ಕೋಶಗಳೆಲ್ಲ ಊದುತ್ತವೆ. ಕಾಲು ಊದಿದರೆ ಚಪ್ಪಲಿ ಬಿಗಿಯಾಗುತ್ತದೆ, ಅಷ್ಟೆ. ಮಿದುಳಿಗೆ ಆ ಸೌಕರ್ಯವಿಲ್ಲ. ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ 1783ರಲ್ಲೂ, ಅವನ ಶಿಷ್ಯ ಜಾರ್ಜ್ ಕೆಲ್ಲಿ 1824ರಲ್ಲೂ ಹೇಳಿದ್ದು ಇದನ್ನೇ: ತಲೆಬುರುಡೆ ಹಿಗ್ಗದ ಪೆಟ್ಟಿಗೆ. ಅದರೊಳಗೆ ಸುಮಾರು 1,400 ಮಿಲಿಲೀಟರಿನಷ್ಟು ಮಿದುಳು, 150ರಷ್ಟು ರಕ್ತ, 150ರಷ್ಟು ಮಿದುಳು ದ್ರವ. ಒಂದು ಹೆಚ್ಚಿದರೆ ಇನ್ನೊಂದು ಜಾಗ ಬಿಡಬೇಕು. ಬಾಡಿಗೆ ಮನೆಗೆ ನೆಂಟರು ಬಂದ ಹಾಗೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯವಿದೆ. ಹೋದವರ ಕೈಗೆ ನಿಜವಾದ ಮಿದುಳನ್ನೇ ಕೊಡುತ್ತಾರೆ. ನಾನೂ ಒಮ್ಮೆ ಹಿಡಿದಿದ್ದೇನೆ. ಫಾರ್ಮಲಿನ್‌ನಲ್ಲಿ ಇಟ್ಟದ್ದಾದ್ದರಿಂದ ಅರೆ ಬೆಂದ ಸುವರ್ಣಗೆಡ್ಡೆಯಂತೆ ಗಟ್ಟಿಯಾಗಿತ್ತು. ಬದುಕಿದ್ದಾಗ ಅದು ಗಿಣ್ಣಿನಷ್ಟು ಮೆತ್ತಗೆ. ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಇಷ್ಟು ಮೆತ್ತನೆಯ ವಸ್ತುವನ್ನು ಅಷ್ಟು ಗಟ್ಟಿಯಾದ ಪೆಟ್ಟಿಗೆಯಲ್ಲಿಟ್ಟ ಮೇಲೆ ಒಳಗೆ ಯಾರಾದರೂ ನೀರಿನ ಲೆಕ್ಕ ಇಡಲೇಬೇಕು.

ಇಡುವವರು ಯಾರು ಎಂದು ನೋಡಿದರೆ, ನೂರು ವರ್ಷಕ್ಕೂ ಮೇಲ್ಪಟ್ಟು ಯಾರೂ ಲೆಕ್ಕಕ್ಕೇ ಹಿಡಿಯದವರು. ನರಕೋಶಗಳ ಹೆಸರು ಎಲ್ಲರಿಗೂ ಗೊತ್ತು. ಅವುಗಳ ನಡುವೆ ತುಂಬಿಕೊಂಡಿದ್ದ ವಸ್ತುವಿಗೆ ಜರ್ಮನಿಯ ರುಡಾಲ್ಫ್ ಫಿರ್ಕೋ 1856ರಲ್ಲಿ ಕೊಟ್ಟ ಹೆಸರು 'ನರ್ವೆನ್‌ಕಿಟ್', ನರದ ಮೆತ್ತು. ಕಿಟಕಿಯ ಗಾಜು ಅಲ್ಲಾಡದಂತೆ ಬಡಗಿ ಮೆತ್ತುವ ಪುಟ್ಟಿ ನೋಡಿ, ಅದು. ಗ್ರೀಕಿನಲ್ಲಿ ಅಂಟಿಗೆ 'ಗ್ಲಯಾ' ಎನ್ನುವುದರಿಂದ ಇವಕ್ಕೆ ಗ್ಲಯಾ ಎಂಬ ಹೆಸರೇ ನಿಂತಿತು. ಕಾಲೇಜಿನ ಕ್ಲರ್ಕಿಗೆ ಪ್ರಿನ್ಸಿಪಾಲರು ಕೊಡುವಷ್ಟು ಮರ್ಯಾದೆ! ಆಮೇಲೆ ಬಣ್ಣ ಕಟ್ಟಿ ನೋಡಿದಾಗ ಇವುಗಳಲ್ಲೊಂದು ಜಾತಿ ಹತ್ತು ದಿಕ್ಕಿಗೂ ಕೈಚಾಚಿದ ಚುಕ್ಕಿಯಂತೆ ಕಂಡಿತು. ಹಂಗೇರಿಯ ಲೆನ್ಹೊಶೆಕ್ ಎಂಬವರು ಅದನ್ನು ಆಸ್ಟ್ರೊಸೈಟ್ ಎಂದು ಕರೆದರು, ನಕ್ಷತ್ರಕೋಶ. ಅಂಟಿನಿಂದ ನಕ್ಷತ್ರಕ್ಕೆ ಬಡ್ತಿ ಸಿಕ್ಕಿತೇ ಹೊರತು ಸಂಬಳ ಹೆಚ್ಚಲಿಲ್ಲ. ನರಕೋಶದ ಹಾಗೆ ಇವು ವಿದ್ಯುತ್ತಿನ ಕಿಡಿ ಹಾರಿಸುವುದಿಲ್ಲ, ಆದ್ದರಿಂದ ಮೂಗರು ಎಂದೇ ಎಲ್ಲರ ತೀರ್ಮಾನ.

ನರಕೋಶ ಒಂದಕ್ಕೆ ಗ್ಲಯಾ ಕೋಶಗಳು ಹತ್ತು ಇವೆ ಎಂದು ಬಹಳ ಕಾಲ ಪಠ್ಯಪುಸ್ತಕದಲ್ಲಿತ್ತು. ಬ್ರೆಜಿಲಿನ ಸುಜಾನಾ ಹರ್ಕುಲಾನೊ-ಹೌಜೆಲ್ ಎಂಬಾಕೆಗೆ ಇದನ್ನು ಎಣಿಸಿದವರಾರು ಎಂಬ ಅನುಮಾನ ಬಂತು. ಆಕೆ ಮಿದುಳನ್ನು ಅರೆದು, ಕದಡಿ, ಒಂದು ರೀತಿಯ ತಿಳಿಸಾರು ಮಾಡಿ, ಸೌಟಿನಲ್ಲಿ ಸಿಕ್ಕ ಕೋಶಕೇಂದ್ರಗಳನ್ನು ಎಣಿಸಿದಳು. 2009ರಲ್ಲಿ ಬಂದ ಲೆಕ್ಕ: ನರಕೋಶ ಸುಮಾರು 8,600 ಕೋಟಿ, ನರವಲ್ಲದ ಕೋಶಗಳೆಲ್ಲ ಸೇರಿ 8,500 ಕೋಟಿ. ಹೆಚ್ಚುಕಡಿಮೆ ಸಮಸಮ. ನೂರು ವರ್ಷದ ಲೆಡ್ಜರು ಒಂದು ಸಾರಿನಲ್ಲಿ ಟ್ಯಾಲಿಯಾಯಿತು ಎಂದು ನನಗೆ ಆಕೆಯ ಮೇಲೆ ವೃತ್ತಿಸಹಜ ಅಭಿಮಾನ.

ನಕ್ಷತ್ರಕೋಶದ ಒಂದು ಕೈ ನರಕೋಶಗಳ ಸಂದಿಯಲ್ಲಿ, ಇನ್ನೊಂದು ಪಾದ ರಕ್ತನಾಳದ ಮೇಲೆ. ಆ ಪಾದದಲ್ಲಿ ಸಾಲುಸಾಲಾಗಿ ಸಣ್ಣ ಕೊಳವೆಗಳಿವೆ. ನೀರು ಮಾತ್ರ ಹೋಗುವ ಕೊಳವೆ. ಇವನ್ನು ಕಂಡುಹಿಡಿದ ಕಥೆ ಚೆನ್ನಾಗಿದೆ. ಅಮೆರಿಕದ ಪೀಟರ್ ಆಗ್ರೆ ರಕ್ತದ ಆರ್‌ಎಚ್ ಗುಂಪಿನ ಪ್ರೋಟೀನು ಹುಡುಕುತ್ತಿದ್ದಾಗ ಕರೆಯದೆ ಬಂದ ನೆಂಟನಂತೆ ಇನ್ನೊಂದು ಪ್ರೋಟೀನು ಪದೇ ಪದೇ ಸಿಕ್ಕಿತು. ಇದರ ಕೆಲಸವೇನೆಂದು ತಿಳಿಯಲು ಅದರ ಸೂಚನೆಯನ್ನು ಆಫ್ರಿಕದ ಒಂದು ಜಾತಿ ಕಪ್ಪೆಯ ಮೊಟ್ಟೆಗೆ ಚುಚ್ಚಿ, ಮೊಟ್ಟೆ ಆ ಪ್ರೋಟೀನು ತಯಾರಿಸಿಕೊಂಡ ಮೇಲೆ ಅದನ್ನು ಸಪ್ಪೆ ನೀರಿಗೆ ಹಾಕಿದರು. ಸಾಮಾನ್ಯ ಕಪ್ಪೆಮೊಟ್ಟೆ ಮಳೆನೀರಿನಲ್ಲಿ ಆರಾಮಾಗಿರುತ್ತದೆ, ಇಲ್ಲದಿದ್ದರೆ ನಮ್ಮ ಗದ್ದೆಗಳಲ್ಲಿ ಜೂನ್ ತಿಂಗಳು ಆ ಗದ್ದಲ ಎಲ್ಲಿಂದ ಬರಬೇಕು? ಚುಚ್ಚಿದ ಮೊಟ್ಟೆಗಳು ಮಾತ್ರ ನೋಡನೋಡುತ್ತಲೇ ಊದಿ ಪಟಪಟನೆ ಒಡೆದವು. ಎತ್ತಿನಷ್ಟು ದಪ್ಪಗಾಗಲು ಹೋಗಿ ಹೊಟ್ಟೆ ಬಿರಿದ ಕಪ್ಪೆಯ ಕಥೆ ಮೊಟ್ಟೆಯಲ್ಲೇ ನಡೆದುಹೋಯಿತು. ಅದು 1992. ಕೊಳವೆಗೆ ಅಕ್ವಾಪೊರಿನ್ ಎಂದು ಹೆಸರಾಯಿತು, ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಒಂದೇ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಬ್ಬರ ಹಿಂದೊಬ್ಬರು ಸಾಲಾಗಿ ಸಾಗುತ್ತವೆ. ಧರ್ಮಸ್ಥಳದ ಕ್ಯೂಗೆ ಈ ವೇಗ ಬಂದರೆ ಎಂದುಕೊಂಡೆ.

ನಕ್ಷತ್ರಕೋಶದಲ್ಲಿರುವುದು ಇದರ ನಾಲ್ಕನೇ ನಂಬರಿನ ತಮ್ಮ, ಅಕ್ವಾಪೊರಿನ್-4. ನರಕೋಶದಲ್ಲಿ ಇದು ಇಲ್ಲ. ಹಾಗಾಗಿ ನೀರು ಬಂದಾಗ ಮೊದಲು ಊದುವುದು ನಕ್ಷತ್ರವೇ. ಈ ಕೊಳವೆ ಇಲ್ಲದ ಇಲಿಗಳಿಗೆ ನೀರು ಏರಿಸಿ ನೋಡಿದಾಗ ಅವುಗಳ ಮಿದುಳು ಕಡಿಮೆ ಊದಿತು, ಹೆಚ್ಚು ಇಲಿ ಬದುಕಿದವು ಎಂದು 2000ದಲ್ಲೇ ವರದಿಯಾಗಿದೆ.

ಸರಿ, ನೀರು ನುಗ್ಗಿತು. ನುಗ್ಗಿದ್ದು ಕೋಶಕ್ಕೆ ಗೊತ್ತಾಗುವುದು ಹೇಗೆ? ಇಲ್ಲಿ ಕ್ಯಾಲ್ಸಿಯಂ ಬರುತ್ತದೆ. ಕ್ಯಾಲ್ಸಿಯಂ ಅಂದರೆ ನಮಗೆ ಮೂಳೆ, ಹಾಲು, ಮಂಡಿನೋವಿನ ಮಾತ್ರೆ. ಅಥವಾ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ, ಹುಣಸೆಹಣ್ಣು ಹಾಕಿ ಉಜ್ಜಿದರೂ ಜಪ್ಪಯ್ಯ ಎನ್ನದ ಬಿಳಿ ಕರೆ.

ಆ ಕರೆಯ ನೀರೇ ಒಂದು ದೊಡ್ಡ ಗುಟ್ಟು ಬಿಟ್ಟುಕೊಟ್ಟಿತು. ದೊಡ್ಡಮ್ಮನ ಪಕ್ಕದ ಹಾಸಿಗೆಯವರಿಗೆ ಆರ್‌ಎಲ್ ಬಾಟಲಿ ಹಾಕಿದ್ದರು. ಹಳ್ಳಿ ಆಸ್ಪತ್ರೆಯಲ್ಲೂ ತೂಗುವ ಬಾಟಲಿ ಅದು; ಆರ್ ಅಂದರೆ ರಿಂಗರ್. ಸಿಡ್ನಿ ರಿಂಗರ್ ಲಂಡನ್ನಿನ ವೈದ್ಯ. ಕಪ್ಪೆಯ ಹೃದಯವನ್ನು ಹೊರತೆಗೆದು, ಬಟ್ಟಿ ಇಳಿಸಿದ ಶುದ್ಧ ನೀರಿಗೆ ಉಪ್ಪು ಬೆರೆಸಿ ಅದರಲ್ಲಿಟ್ಟು, ಎಷ್ಟು ಹೊತ್ತು ಬಡಿಯುತ್ತದೆ ಎಂದು ನೋಡುತ್ತಿದ್ದ. ಚೆನ್ನಾಗಿಯೇ ಬಡಿಯಿತು, 1882ರಲ್ಲಿ ಬರೆದು ಪ್ರಕಟಿಸಿಯೂ ಬಿಟ್ಟ. ಆಮೇಲೆ ತಿಳಿದದ್ದು: ಸಹಾಯಕ ಶುದ್ಧ ನೀರು ಬಳಸಿರಲಿಲ್ಲ, ನಲ್ಲಿಯ ನೀರು ಹಿಡಿದು ಕೊಟ್ಟಿದ್ದ. ನಿಜವಾದ ಶುದ್ಧ ನೀರಿನಲ್ಲಿ ಇಟ್ಟರೆ ಹೃದಯ ಕೆಲ ಹೊತ್ತಿನಲ್ಲೇ ನಿಂತಿತು. ನಲ್ಲಿ ನೀರಿನಲ್ಲಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ಬಡಿಸುತ್ತಿತ್ತು. 1883ರಲ್ಲಿ ರಿಂಗರ್ ಹಿಂದೆ ಬರೆದದ್ದನ್ನು ತಿದ್ದಿ ಬರೆದ. ಕೆಲಸಗಳ್ಳ ಸಹಾಯಕನಿಂದ ಇಷ್ಟು ಉಪಕಾರವಾದದ್ದು ನಾನು ಕೇಳಿದ್ದು ಇದೊಂದೇ. ಕಪ್ಪೆಗಳ ಋಣವಂತೂ ಇದ್ದೇ ಇದೆ.

ಕ್ಯಾಲ್ಸಿಯಂ ಸುದ್ದಿಗಾರನಾದದ್ದು ಹೇಗೆಂದರೆ, ಪ್ರತಿ ಕೋಶವೂ ಅದನ್ನು ಹಗಲೂ ರಾತ್ರಿ ಹೊರಗೆ ದಬ್ಬುತ್ತಲೇ ಇರುತ್ತದೆ. ಹೊರಗಿರುವ ಕ್ಯಾಲ್ಸಿಯಂಗೆ ಹೋಲಿಸಿದರೆ ಒಳಗಿರುವುದು ಹತ್ತುಸಾವಿರದಲ್ಲಿ ಒಂದು ಪಾಲು. ಅಷ್ಟು ನಿಶ್ಶಬ್ದ. ಸತ್ಯನಾರಾಯಣ ಪೂಜೆಯ ಮನೆಯಲ್ಲಿ ಒಂದು ತಟ್ಟೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಪರೀಕ್ಷೆಯ ಹಾಲ್‌ನಲ್ಲಿ ಬಿದ್ದರೆ? ಒಂದು ಕಿಂಡಿ ತೆರೆದು ಚಿಟಿಕೆ ಕ್ಯಾಲ್ಸಿಯಂ ಒಳಬಂದರೂ ಕೋಶಕ್ಕೆ ಅದು ಡಂಗುರ. 1990ರಲ್ಲಿ ಅಮೆರಿಕದ ಯೇಲ್‌ನಲ್ಲಿ ಆನ್ ಕಾರ್ನೆಲ್-ಬೆಲ್ ಮತ್ತು ಸಂಗಡಿಗರು ತಟ್ಟೆಯಲ್ಲಿ ಬೆಳೆಸಿದ ನಕ್ಷತ್ರಕೋಶಗಳಿಗೆ ಕ್ಯಾಲ್ಸಿಯಂ ಕಂಡಾಗ ಹೊಳೆಯುವ ಬಣ್ಣ ಹಾಕಿ ನೋಡಿದರು. ಒಂದು ಕೋಶ ಮಿನುಗಿತು, ಪಕ್ಕದ್ದು ಮಿನುಗಿತು, ಅಲೆ ಅಲೆಯಾಗಿ ಬೆಳಕು ದಾಟುತ್ತ ಹೋಯಿತು. ಮೂಗರೆಂದುಕೊಂಡವರು ಮಾತಾಡುತ್ತಿದ್ದರು. ನಮಗೆ ಆ ಭಾಷೆ ಗೊತ್ತಿರಲಿಲ್ಲ, ಅಷ್ಟೆ.

ಊದಿದ ಕೋಶದಲ್ಲಿ ಕ್ಯಾಲ್ಸಿಯಂಗೆ ಕಿಂಡಿ ತೆರೆಯುವುದು ಯಾರು ಎಂದು ನೋಡಿ ನನಗೆ ವಾರ್ಡಿನಲ್ಲೇ ನಗು ಬಂತು. ಅದರ ಹೆಸರು ಟಿಆರ್‌ಪಿವಿ-4. ಹೆಸರು ಟಿಆರ್‌ಪಿ, ವಿಜ್ಞಾನಿಗಳು ಇಂಥ ಕಿಂಡಿಗೆ ಹೇಳುವುದು ಚಾನೆಲ್, ಕೆಲಸ ಸ್ವಲ್ಪ ಊದಿದ ತಕ್ಷಣ ಬೊಬ್ಬೆ ಹಾಕುವುದು! ನಮ್ಮ ಸುದ್ದಿವಾಹಿನಿಗಳನ್ನು ನೋಡಿಯೇ ಹೆಸರಿಟ್ಟಂತಿದೆ. ಇದರ ದಾಯಾದಿ ಟಿಆರ್‌ಪಿವಿ-1 ನಮ್ಮ ನಾಲಿಗೆಯಲ್ಲಿದೆ. ಮೆಣಸಿನಕಾಯಿ ಕಚ್ಚಿದಾಗ ಕಿರುಚುವುದು ಅದೇ. ಅದನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಸಿಕ್ಕಿತು. ನಾಲ್ಕನೆಯವನಿಗೆ ಮೆಣಸಿನ ಗೋಜಿಲ್ಲ. ಪೊರೆ ಹಿಗ್ಗಿತೇ, ಕಿಂಡಿ ತೆರೆ, ಕ್ಯಾಲ್ಸಿಯಂ ಬಿಡು.

2011ರಲ್ಲಿ ಇಟಲಿಯ ವ್ಯಾಲೆಂಟಿನಾ ಬೆನ್‌ಫೆನಾಟಿ ಮತ್ತು ಸಂಗಡಿಗರು ನಕ್ಷತ್ರಕೋಶದಲ್ಲಿ ಈ ಟಿಆರ್‌ಪಿವಿ-4 ಮತ್ತು ನೀರಿನ ಕೊಳವೆ ಅಕ್ವಾಪೊರಿನ್-4 ಎರಡೂ ಅಂಟಿಕೊಂಡೇ ಕೆಲಸ ಮಾಡುತ್ತವೆ, ಎರಡೂ ಇದ್ದರೇ ಊದಿದ ಕೋಶ ಮತ್ತೆ ಮೊದಲಿನ ಗಾತ್ರಕ್ಕೆ ಬರುವುದು ಎಂದು ತೋರಿಸಿದರು. ನೀರು ಬರುವ ಬಾಗಿಲ ಪಕ್ಕದಲ್ಲೇ ಕಾವಲುಗಾರ ಕೂತ ಹಾಗೆ. ಇನ್ನೊಂದು ಕೆಲಸ 2015ರಲ್ಲಿ ಡೇವಿಡ್ ಕ್ರಿಜಾಯ್ ಅವರ ಪ್ರಯೋಗಾಲಯದಿಂದ ಬಂತು. ಆ ಪ್ರಯೋಗಾಲಯ ಇರುವುದು ಎಲ್ಲಿ ಗೊತ್ತೇ? ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ಉಪ್ಪಿನ ಕೆರೆಯ ಊರಿನಲ್ಲಿ. ಇದಕ್ಕಿಂತ ಸರಿಯಾದ ವಿಳಾಸ ಬೇಕೇ?

ಅವರು ನೋಡಿದ್ದು ಕಣ್ಣಿನ ಪಾಪೆಯ ಹಿಂದಿನ ಪರದೆಯಲ್ಲಿರುವ ಮ್ಯೂಲರ್ ಕೋಶಗಳನ್ನು. ಇವು ನಕ್ಷತ್ರದ ಸೋದರಸಂಬಂಧಿಗಳು, ಹೈನ್ರಿಕ್ ಮ್ಯೂಲರ್ 1851ರಲ್ಲಿ ವರ್ಣಿಸಿದ್ದು. ಉದ್ದಕ್ಕೆ, ಪರದೆಯ ಈ ಬದಿಯಿಂದ ಆ ಬದಿಗೆ ಅಡಿಕೆ ಮರದಂತೆ ನಿಂತಿರುತ್ತವೆ. ನಮ್ಮ ಕಣ್ಣಿನ ಪರದೆ ತಲೆಕೆಳಗಾಗಿ ಜೋಡಿಸಿದಂತಿದೆ: ಬೆಳಕು ಹಿಡಿಯುವ ಕೋಶಗಳು ಹಿಂದೆ, ಉಳಿದ ಸರಂಜಾಮೆಲ್ಲ ಮುಂದೆ. ಆ ಸರಂಜಾಮಿನ ನಡುವೆ ಬೆಳಕನ್ನು ಚದುರಿಸದೆ ಹಿಂದಕ್ಕೆ ದಾಟಿಸುವ ಕೊಳವೆಯ ಕೆಲಸವನ್ನೂ ಇವೇ ಮಾಡುತ್ತವೆ ಎಂದು 2007ರಲ್ಲಿ ಗೊತ್ತಾಯಿತು. ಇಂಥದ್ದು ಊದಿ ಸೊಟ್ಟಗಾದರೆ ನೋಟವೂ ಸೊಟ್ಟ. ಕ್ರಿಜಾಯ್ ಅವರ ತಂಡ ಇಲಿಯ ಮ್ಯೂಲರ್ ಕೋಶಗಳಿಗೆ ಸಪ್ಪೆ ದ್ರವ ಹಾಕಿತು. ಕೋಶ ಊದಿತು, ಕ್ಯಾಲ್ಸಿಯಂ ಏರಿತು. ಟಿಆರ್‌ಪಿವಿ-4 ಇಲ್ಲದ ಇಲಿಗಳಲ್ಲಿ ಕ್ಯಾಲ್ಸಿಯಂ ಸರಿಯಾಗಿ ಏರಲಿಲ್ಲ, ಊದಿದ್ದು ಇಳಿಯುವುದೂ ಕೆಟ್ಟಿತು. ಅದೂ ಸರಿಯೇ. ಆದರೆ ಆ ಇಲಿಗಳಲ್ಲಿ ಕೋಶ ಊದುವುದೇ ಕಡಿಮೆಯಾಗಿತ್ತು! ಅಂದರೆ ಇಳಿಸುವವನೇ ಊದಿಸುವುದಕ್ಕೂ ಕೈ ಹಾಕುತ್ತಾನೆ. ಹದದಲ್ಲಿದ್ದರೆ ಕಾವಲು, ಅತಿಯಾದರೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಟಿಆರ್‌ಪಿ ಎಂದಮೇಲೆ ಇದೂ ನಿರೀಕ್ಷಿತವೇ ಅನ್ನಿ. ಸಣ್ಣ ಜಗಳವನ್ನು ವರದಿ ಮಾಡಲು ಬಂದ ಚಾನೆಲ್ಲು ಅದನ್ನು ದೊಡ್ಡದು ಮಾಡಿ ಹೋಗುತ್ತದೆ.

ಡಂಗುರ ಹೊಡೆದ ಮೇಲೆ ಸಾಮಾನು ಹೊರಗೆ. ಮೊದಲು ಪೊಟ್ಯಾಸಿಯಂ, ಅದರ ಜೊತೆ ಕ್ಲೋರೈಡ್. ಇವು ಹೋದಂತೆ, ಉಪ್ಪಿನ ಹಿಂದೆ ನೀರು ಎಂಬ ದೊಡ್ಡಮ್ಮನ ಗಾದೆಯಂತೆ, ನೀರೂ ಹೊರಗೆ ಹೋಗುತ್ತದೆ. ಕ್ಯಾಲ್ಸಿಯಂ ಕೂಗಿನಿಂದ ಈ ಬಾಗಿಲುಗಳ ತನಕದ ದಾರಿ ನೇರವಾಗಿಲ್ಲ. ಜರ್ಮನಿಯ ಲೈಪ್ಜಿಗ್‌ನ ರೈಖೆನ್‌ಬಾಖ್ ಮತ್ತು ಬ್ರಿಂಗ್‌ಮನ್ ಅವರ ತಂಡ ಮ್ಯೂಲರ್ ಕೋಶದಲ್ಲಿ ಕಂಡದ್ದು ಇದು: ಕೋಶ ಗ್ಲುಟಮೇಟ್ ಎಂಬುದನ್ನು ಹೊರಗೆ ಉಗುಳುತ್ತದೆ, ಅದು ಬಂದು ಕೋಶದ ಮೈಗೇ ತಾಗಿ ಎಟಿಪಿ ಹೊರಬರುತ್ತದೆ, ಅದು ಅಡೆನೊಸಿನ್ ಆಗಿ ಮತ್ತೆ ಅದೇ ಕೋಶದ ಮೈಗೆ ತಾಗಿ ಕೊನೆಗೆ ಬಾಗಿಲು ತೆರೆಯುತ್ತದೆ. ತನಗೆ ತಾನೇ ಕಾಗದ ಬರೆದು, ಅಂಚೆಗೆ ಹಾಕಿ, ಬಂದದ್ದನ್ನು ಒಡೆದು ಓದಿದ ಹಾಗೆ. ನನ್ನ ಹಳೆಯ ಕಚೇರಿಯಲ್ಲಿ ಕಡತಗಳು ಹೀಗೇ ಸುತ್ತುತ್ತಿದ್ದವು, ಆದ್ದರಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಪೊಟ್ಯಾಸಿಯಂ ಹೋದದ್ದು ಸಾಲದಿದ್ದರೆ ಒಂದೆರಡು ದಿನದಲ್ಲಿ ಉಗ್ರಾಣಕ್ಕೇ ಕೈ ಹಾಕಬೇಕಾಗುತ್ತದೆ. ಅಲ್ಲಿ ಕೂಡಿಟ್ಟ ಸಣ್ಣ ಅಣುಗಳಲ್ಲಿ ಮುಖ್ಯವಾದದ್ದು ಟಾರಿನ್. ಹುಡುಗರು ಡಬ್ಬಿಯಲ್ಲಿ ಕುಡಿಯುವ ಶಕ್ತಿಪಾನೀಯದ ಮೇಲೆ ಈ ಹೆಸರು ನೋಡಿರುತ್ತೀರಿ. 1827ರಲ್ಲಿ ಜರ್ಮನಿಯ ಟೀಡೆಮನ್ ಮತ್ತು ಗ್ಮೆಲಿನ್ ಇದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ಲ್ಯಾಟಿನ್ನಿನಲ್ಲಿ ಟಾರಸ್ ಎಂದರೆ ಹೋರಿ. ನೋಡಿ, ಎತ್ತಿನಷ್ಟಾಗಲು ಊದಿದ ಕಪ್ಪೆಗೆ ಕೋಶದ ಈ ವಿದ್ಯೆ ಗೊತ್ತಿದ್ದರೆ ತನ್ನೊಳಗಿನ ಎತ್ತನ್ನು ಹೊರಗೆ ಹಾಕಿ ಬದುಕಿಕೊಳ್ಳುತ್ತಿತ್ತು. ಟಾರಿನ್ ಹೊರಹೋಗುವ ಬಾಗಿಲೊಂದಿದೆ ಎಂದು ಹಲವು ದಶಕಗಳಿಂದ ತಿಳಿದಿದ್ದರೂ ಅದು ಯಾವ ಪ್ರೋಟೀನಿನದು ಎಂದು ಗೊತ್ತಿರಲಿಲ್ಲ. 2014ರಲ್ಲಿ ಅಮೆರಿಕದ ಆರ್ಡೆಮ್ ಪಟಪೂಟಿಯನ್ ಅವರ ತಂಡವೂ ಬರ್ಲಿನ್ನಿನ ಥಾಮಸ್ ಯೆಂಚ್ ಅವರ ತಂಡವೂ ಬೇರೆಬೇರೆಯಾಗಿ ಅದನ್ನು ಪತ್ತೆಹಚ್ಚಿದವು.

ಈಗ ಡಾಕ್ಟರ ಮಾತು ನನಗೆ ಅರ್ಥವಾಯಿತು. ದೊಡ್ಡಮ್ಮನ ಸೋಡಿಯಂ ಒಂದೇ ರಾತ್ರಿಯಲ್ಲಿ ಇಳಿದದ್ದಲ್ಲ, ವಾರಗಟ್ಟಲೆ ಇಳಿದದ್ದು. ಅವಳ ಮಿದುಳು ಅಷ್ಟೂ ದಿನ ಸದ್ದಿಲ್ಲದೆ ಪೊಟ್ಯಾಸಿಯಂ, ಟಾರಿನ್, ಇನ್ನೂ ಏನೇನೋ ಹೊರಗೆ ಸಾಗಿಸಿ ಗಾತ್ರ ಕಾಪಾಡಿಕೊಂಡಿತ್ತು. ಸ್ಕ್ಯಾನಿನಲ್ಲಿ ಊತ ಕಾಣದಿದ್ದದ್ದು ಅದಕ್ಕೇ. ಅದಕ್ಕೆ ತೆತ್ತ ಬೆಲೆ ಗೌರಿಯನ್ನು ಕರೆದಾಯ್ತೇ ಎಂಬ ಪ್ರಶ್ನೆ. ಈಗ ಹೊರಗೆ ಒಮ್ಮೆಲೇ ಉಪ್ಪು ಏರಿಸಿದರೆ? ಒಳಗೆ ಉಗ್ರಾಣ ಖಾಲಿ, ಹೊರಗೆ ಹರಳುಪ್ಪು. ಮಿಡಿ ಚಿರುಟಿದಂತೆ ಮಿದುಳಿನ ಕೋಶ ಚಿರುಟುತ್ತದೆ. ಹೊರಗೆ ಹಾಕುವುದು ಬೇಗ. ಮತ್ತೆ ಕೂಡಿಟ್ಟುಕೊಳ್ಳಲು ದಿನಗಟ್ಟಲೆ ಬೇಕು. ಮೊದಲು ಸಾಯುವುದು ನಕ್ಷತ್ರಕೋಶಗಳು ಎಂದು ಇಲಿಗಳಲ್ಲಿ ನೋಡಿದವರು ಹೇಳುತ್ತಾರೆ. ಆಮೇಲೆ ನರತಂತುಗಳ ಮೇಲಿನ ಹೊದಿಕೆ ಕಳಚುತ್ತದೆ, ಹೆಚ್ಚಾಗಿ ಮಿದುಳಿನ ಬುಡದಲ್ಲಿ. ಉಪ್ಪು ಸರಿಯಾಯಿತು, ರೋಗಿ ಎದ್ದು ಕೂತರು ಎಂದು ಮನೆಯವರು ಸಂಭ್ರಮಿಸುತ್ತಿರುವಾಗ, ಕೆಲವು ದಿನ ಬಿಟ್ಟು ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೈಕಾಲು ಬೀಳುತ್ತದೆ. ಅಮೆರಿಕದ ರೇಮಂಡ್ ಆ್ಯಡಮ್ಸ್ ಮತ್ತು ಸಂಗಡಿಗರು ಈ ಕಾಯಿಲೆಯನ್ನು 1959ರಲ್ಲಿ ವಿವರಿಸಿದರು. ಸೋಡಿಯಂ ಅವಸರದಲ್ಲಿ ಏರಿಸಿದ್ದಕ್ಕೂ ಇದಕ್ಕೂ ನಂಟಿದೆ ಎಂದು ಗಟ್ಟಿಯಾಗಲು ಮತ್ತೆ ಎರಡು ದಶಕ ಹಿಡಿಯಿತು.

ನನ್ನ ಮೂರು ದಿನದ ಬಿಲ್ಲಿನ ಲೆಕ್ಕ ನೆನೆದು ಮೈ ಝುಂ ಎಂದಿತು.

ದೊಡ್ಡಮ್ಮನಿಗೆ ಹಾಕಿದ್ದು ಶೇ. 3ರ ಉಪ್ಪುನೀರು. ಹೊನ್ನಾವರದ ಸಮುದ್ರಕ್ಕಿಂತ ಸ್ವಲ್ಪ ಸಪ್ಪೆ ಅನ್ನಬಹುದು. ಅದೂ ಸಿರಿಂಜ್ ಪಂಪಿನಲ್ಲಿ, ಹನಿಹನಿಯಾಗಿ, ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ನೋಡುತ್ತ. ಎರಡನೇ ದಿನ 120. ಮೂರನೇ ದಿನ 126. ಅಂದು ಸಂಜೆ ದೊಡ್ಡಮ್ಮ ಕಣ್ಣು ಬಿಟ್ಟು ನನ್ನನ್ನು ದಿಟ್ಟಿಸಿ, "ಗಡ್ಡ ಹೆರೆಸಿಕೊಳ್ಳಬಾರದೇನೋ, ಆಸ್ಪತ್ರೆಗೆ ಬರುವಾಗ?" ಎಂದಳು. ನನ್ನ ಹೆಸರನ್ನೇ ಹಿಡಿದು ಬೈದಳು. ನನ್ನ ಹೆಂಡತಿ ಕಾರಿಡಾರಿಗೆ ಹೋಗಿ ಅತ್ತಳು.

ಬಿಡುಗಡೆಯ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಇದು ಹೇಗಾಯಿತೆಂದು ಕೆದಕಿದರು. ಬಿಪಿಗೆ ಕೊಟ್ಟಿದ್ದ ಮಾತ್ರೆ ಮೂತ್ರದಲ್ಲಿ ಸೋಡಿಯಂ ಕಳೆಯುವ ಜಾತಿಯದು. ಬಿಪಿ ಎಂದು ಅಡುಗೆಗೆ ಉಪ್ಪು ಕಮ್ಮಿ, ಉಪ್ಪಿನಕಾಯಿ ಬಂದ್. ಊಟವೂ ಅಷ್ಟಕ್ಕಷ್ಟೇ. "ನೀರು ಎಷ್ಟು ಕುಡೀತಾರೆ?" ಎಂದು ಕೇಳಿದಾಗ ನಾನು ಕಿಟಕಿಯ ಕಡೆ ನೋಡಿದೆ. ದೊಡ್ಡಮ್ಮನೇ ಉತ್ತರಿಸಿದಳು, "ದಿನಕ್ಕೆ ನಾಲ್ಕು ಲೀಟರು. ಇವನೇ ಮೊಬೈಲಿನಲ್ಲಿ ಓದಿ ಹೇಳಿದ್ದು. ಬಿಸಿನೀರು ಕುಡಿದರೆ ಹೊಟ್ಟೆಯ ಕಸ ಎಲ್ಲ ಹೋಗುತ್ತದಂತೆ. ತಂಬಿಗೆ ಲೆಕ್ಕ ಇಟ್ಟು ಕುಡಿಯುತ್ತಿದ್ದೆ."

ಹೌದು, ಆ ವಾಟ್ಸಾಪ್ ಸಂದೇಶ ಓದಿ ಹೇಳಿದವನು ನಾನೇ. ಎರಡು ಗುಂಪುಗಳಿಗೆ ಕಳಿಸಿದವನೂ ನಾನೇ.

ಸಮಾಧಾನಕ್ಕೆ ಒಂದು ವಿಷಯ ಹುಡುಕಿಕೊಂಡೆ. 2002ರ ಬಾಸ್ಟನ್ ಮ್ಯಾರಥಾನ್ ಓಡಿದವರಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರ ಸೋಡಿಯಂ ಇಳಿದಿತ್ತಂತೆ. ಅವರಲ್ಲಿ ಹಲವರು ಓಡುತ್ತ ಓಡುತ್ತ ನೀರು ಕುಡಿದು ಕುಡಿದು, ಓಟ ಮುಗಿಸುವಾಗ ಶುರುವಿನಲ್ಲಿದ್ದದ್ದಕ್ಕಿಂತ ಹೆಚ್ಚು ತೂಗುತ್ತಿದ್ದರು. ಇಪ್ಪತ್ತಾರು ಮೈಲಿ ಓಡಿ ದಪ್ಪಗಾದವರು! ಹಾಗಾದರೆ ನಮ್ಮ ದೊಡ್ಡಮ್ಮ ಕೂತಲ್ಲೇ ಬಾಸ್ಟನ್ ಮುಗಿಸಿದ್ದಾಳೆ ಎಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

ಈಗ ಮಾತ್ರೆ ಬದಲಾಗಿದೆ. ನೀರಿಗೆ ಡಾಕ್ಟರು ಅಳತೆ ಹೇಳಿದ್ದಾರೆ, ತಂಬಿಗೆಯ ಲೆಕ್ಕ ನನ್ನ ಸುಪರ್ದಿಯಲ್ಲಿದೆ. ಊಟಕ್ಕೆ ಅರ್ಧ ಮಿಡಿಗೆ ಪರವಾನಗಿ ಸಿಕ್ಕಿದೆ. ದೊಡ್ಡಮ್ಮನ ಪ್ರಕಾರ ಅರ್ಧ ಎಂದರೆ ಗೊರಟು ಇರುವ ಅರ್ಧ. ಮೊನ್ನೆ ಮತ್ತೆ ರಕ್ತ ಕೊಟ್ಟು ಬಂದೆವು. ರಿಪೋರ್ಟು ನೋಡಿ "136" ಎಂದೆ.

"ಎಷ್ಟಕ್ಕೆ?" ಎಂದಳು ದೊಡ್ಡಮ್ಮ.

"ನೂರ ನಲವತ್ತೈದಕ್ಕೆ."

"ಹಾಗಾದರೆ ರ‍್ಯಾಂಕು" ಎಂದು ಮಿಡಿ ಚೀಪುತ್ತ ಕೂತಳು.

ಆ ನಾಲ್ಕು ಲೀಟರಿನ ಸಂದೇಶ ಇನ್ನೂ ತಿರುಗುತ್ತಿದೆ. ನಿನ್ನೆ ಅದು ಮೂರನೆಯವರ ಕೈಯಿಂದ ನನಗೇ ವಾಪಸ್ ಬಂತು, ಕೆಳಗೆ ಕೈಮುಗಿದ ಎರಡು ಚಿತ್ರ ಸೇರಿಕೊಂಡಿವೆ. ನಿಮಗೂ ಬಂದಿದ್ದರೆ ಅಳಿಸಿಬಿಡಿ. ಮನೆಯಲ್ಲಿ ಹಿರಿಯರು ಇದ್ದಕ್ಕಿದ್ದಂತೆ ಇಲ್ಲದ ದನವನ್ನು ಕೇಳಿದರೆ, ಟಿವಿ ಆರಿಸಿ, ಅವತ್ತೇ ಒಂದು ಸೋಡಿಯಂ ಪರೀಕ್ಷೆ ಮಾಡಿಸಿ.